ಗೆರೆಯ ಮುಂದೆ ನಿಂತ ಕಾರುಗಳು

ಆ ಭಾನುವಾರ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಲಿಲ್ಲ. ದೇವರ ದಯೆ ಎಂದು ನಾನು ನೆನೆಯುವವುಗಳಲ್ಲಿ ಇಂಥವೇ ಹೆಚ್ಚು, ಅದಕ್ಕೇ ಇದನ್ನು ಮೊದಲು ಬರೆಯುತ್ತಿದ್ದೇನೆ. ಪೀಣ್ಯದಲ್ಲಿ ನಮ್ಮ ಮನೆ ಇರುವುದು ವರ್ಕ್‌ಶಾಪುಗಳ ಹಿಂದಿನ ಸಾಲಿನಲ್ಲಿ. ವಾರದ ದಿನಗಳಲ್ಲಿ ಪಕ್ಕದ ಶೆಡ್ಡಿನ ಪವರ್ ಪ್ರೆಸ್ ಏಟು ಹಾಕಿದಾಗಲೆಲ್ಲ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಭಾನುವಾರ ಪ್ರೆಸ್ಸಿಗೆ ರಜೆ, ಆದರೆ ಲೈನ್ ರಿಪೇರಿ ಮಾಡುವವರಿಗೆ ಅದೇ ಕೆಲಸದ ದಿನ. ಬೆಳಗ್ಗೆ ಹೋದ ಕರೆಂಟ್ ದೀಪ ಹಚ್ಚುವ ಹೊತ್ತಿಗೆ ಬಂದರೆ ಬಂತು. ನಮ್ಮ ಮನೆಗೆ ಅಂದು ಬರುತ್ತಿದ್ದವರೋ ಟೀವಿಯಲ್ಲಿ ವಿಡಿಯೊ ಗೇಮ್ ಆಡಲು ಬರುತ್ತಿದ್ದವರು. ಅದೂ ಯಾರು? ಮಗಳನ್ನು ನೋಡಿ ಒಪ್ಪಿಕೊಂಡು ಹೋಗಿದ್ದ ಗಂಡಿನ ಕಡೆಯವರು.

ಕೇಳಿದವರೆಲ್ಲ ನಕ್ಕರು. ಗಂಡಿನ ಕಡೆಯವರನ್ನು ಕರೆದು ಉಪ್ಪಿಟ್ಟು, ಕೇಸರಿಬಾತು ಕೊಡುವುದು ಗೊತ್ತು, ಆಟ ಆಡಿಸುವುದು ಎಲ್ಲಾದರೂ ಉಂಟೇ? ನನಗೂ ಹಾಗೇ ಅನಿಸಿತ್ತು. ಆದರೆ ಅದು ಮಗಳು ಹಾಕಿದ ಷರತ್ತು.

ಮಗಳಿಗೆ ಬ್ರೂಕ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ. ಹೊಸ ವಿಡಿಯೊ ಗೇಮುಗಳನ್ನು ಅಂಗಡಿಗೆ ಬರುವ ಮೊದಲು ಆಡಿ ನೋಡಿ, ಎಲ್ಲಿ ಏನು ಕೆಟ್ಟಿದೆ ಎಂದು ಬರೆದು ಕೊಡುವುದು. ಇಷ್ಟನ್ನು ಇವತ್ತು ನಾನು ಸರಾಗವಾಗಿ ಹೇಳುತ್ತೇನೆ. ಗಂಡಿನ ಕಡೆಯವರು ಮೊದಲ ಸಲ ಚಂದಾಪುರದಿಂದ ಬಂದಾಗ ಹೇಳಲು ಬರಲಿಲ್ಲ. ಹುಡುಗ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವವನು. ಅವನ ತಂದೆ ಫ್ಯಾಕ್ಟರಿ ಬಸ್ಸು ಓಡಿಸಿ ನಿವೃತ್ತರಾದವರು. ತಾಯಿ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಬಹಳ ಕಾಲ ಟೈಲರ್ ಆಗಿದ್ದು, ಮಂಡಿನೋವು ಬಂದ ಮೇಲೆ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ದುಡಿದು ತಿಂದ ಜನ, ಮಾತೂ ನೇರ. ಕಾಫಿ ಕುಡಿಯುತ್ತ ಆ ತಾಯಿ ಕೇಳಿದರು, "ಉಡುಗಿ ಕೆಲ್ಸ ಏನಂದ್ರಿ?"

"ಕಂಪ್ಯೂಟರ್ ಕೆಲ್ಸ" ಎಂದೆ ನಾನು.

ಅಲ್ಲಿಗೇ ನಿಲ್ಲಬೇಕಿತ್ತು. ಮೂಲೆಯ ಕುರ್ಚಿಯಲ್ಲಿದ್ದ ನಮ್ಮ ಅತ್ತೆ ಬಿಡಬೇಕಲ್ಲ. "ಕಂಪ್ಯೂಟರ್ ಅಂದ್ರೆ ಗೇಮ್ ಆಡ್ತಾಳೆ ಕಣ್ರೀ. ದಿನಾ ಹೋಗಿ ಆಡ್ಬಿಟ್ಟು ಬರ್ತಾಳೆ, ಅದಕ್ಕೆ ಸಂಬಳ ಕೊಡ್ತಾರೆ. ಕಾಲ ಹೆಂಗೈತೆ ನೋಡಿ!"

ಹುಡುಗನ ತಾಯಿ ಲೋಟ ಕೆಳಗಿಟ್ಟು ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಆಟ ಆಡೋದೂ ಒಂದ್ ಕೆಲ್ಸನಾ? ಓಗ್ಲಿ ಬಿಡಿ, ಮದ್ವೆ ಆದ್ಮೇಲೆ ಇವೆಲ್ಲ ಎಲ್ಲಿರ್ತವೆ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ನಾನು ನಕ್ಕು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ನಾನು ನಕ್ಕಿದ್ದನ್ನು ಮಗಳು ನೋಡಿದಳು.

ಅವರು ಹೋದ ಮೇಲೆ ಅಡುಗೆಮನೆಗೆ ಬಂದು ನಿಂತಳು. "ಯಾಕಮ್ಮ ನಕ್ಕೆ?"

"ಮತ್ತೇನ್ ಮಾಡ್ಲಿ? ಬಂದೋರ ಜೊತೆ ಜಗಳ ಆಡ್ಲಾ?"

"ಜಗಳ ಯಾಕೆ? ನನ್ನ ಕೆಲ್ಸ ಏನು ಅಂತ ಹೇಳ್ಬೋದಿತ್ತಲ್ಲ." ಸ್ವಲ್ಪ ಹೊತ್ತು ಸಿಂಕಿನ ನಲ್ಲಿ ತಿರುಗಿಸುತ್ತ ನಿಂತು ಮತ್ತೆ ಹೇಳಿದಳು, "ಹುಡ್ಗ ನಂಗಿಷ್ಟ ಆಗಿದಾನೆ. ಅವ್ರಮ್ಮನೂ ಒಳ್ಳೇವ್ರು ಅನ್ಸುತ್ತೆ. ಆದ್ರೆ ಈ ಕೆಲ್ಸ ಬಿಟ್ಟು ನಾನು ಯಾರ ಮನೆಗೂ ಹೋಗಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ ಒಂದಿನ ಅವರನ್ನ ಆಟಕ್ಕೆ ಕರಿ. ನಾನು ಏನ್ ಮಾಡ್ತೀನಿ ಅಂತ ಕಣ್ಣಾರೆ ನೋಡ್ಲಿ. ನೋಡಿ ಬೇಡ ಅಂದ್ರೆ ಅವತ್ತೇ ಬೇಡ ಅನ್ಲಿ."

ಆ ರಾತ್ರಿ ಊಟ ನನಗೆ ಸೇರಲಿಲ್ಲ. ಒಳ್ಳೆಯ ಮನೆ, ಒಳ್ಳೆಯ ಹುಡುಗ, ಮಗಳ ಮನಸ್ಸಿಗೂ ಬಂದಿದ್ದಾನೆ, ಎಲ್ಲ ಕೂಡಿ ಬಂದಿರುವಾಗ ಒಂದು ಆಟದ ಮೇಲೆ ನಿಲ್ಲಿಸಿಬಿಟ್ಟಳಲ್ಲ. ನಮ್ಮವರು ಮಾತ್ರ ನೆಮ್ಮದಿಯಾಗಿ ಮೊಸರನ್ನ ಕಲಸಿಕೊಳ್ಳುತ್ತ, "ಕರೆಯೋಣ ಬಿಡೇ. ಮುಚ್ಚಿಟ್ಟು ಮಾಡೋ ಮದ್ವೆ ನಂಗೂ ಬೇಡ" ಎಂದರು. ಜೀವಮಾನವೆಲ್ಲ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವರು. ಅಳತೆ ಸರಿಯಿದ್ದರೆ ಮಾತ್ರ ಜೋಡಿಸಬೇಕು ಎನ್ನುವುದು ಮನೆಯಲ್ಲೂ ಅವರ ರೀತಿ. ಹುಡುಗನಿಗೆ ಮಗಳೇ ಹೇಳಿದಳು. ಅವನು ಕೊಸರಾಡದೆ ಮನೆಯವರನ್ನು ಒಪ್ಪಿಸಿದ. ಅದಕ್ಕೂ ದೇವರಿಗೆ ಕೈಮುಗಿದೆ.

ಕಾರ್ತಿಕದ ಒಂದು ಭಾನುವಾರ ಗೊತ್ತಾಯಿತು. ಊಟಕ್ಕೆ ಏನು ಮಾಡುವುದು ಎಂಬಲ್ಲೇ ಮೊದಲ ತಕರಾರು. ಎಣ್ಣೆ ಕೈಯಲ್ಲಿ ಕಂಟ್ರೋಲರ್ ಹಿಡಿಯಬಾರದು, ವಡೆ, ಬೋಂಡ, ಒಬ್ಬಟ್ಟು ಯಾವುದೂ ಬೇಡ ಎಂದಳು ಮಗಳು. ಅವಳು ಕಂಟ್ರೋಲರ್ ಎನ್ನುವುದಕ್ಕೆ ನಾನು ಇವತ್ತಿಗೂ ರಿಮೋಟು ಎಂದೇ ಹೇಳುವುದು. ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುವ ಸಾಮಾನು.

"ಬೀಗರಿಗೆ ಆಂಬೊಡೆ ಇಲ್ದೆ ಊಟನಾ?" ಎಂದರು ಅತ್ತೆ. "ನಮ್ಮ ಮರ್ಯಾದೆ ಏನಾಗ್ಬೇಕು?"

"ಅಜ್ಜಿ, ಆಂಬೊಡೆ ತಿಂದ ಕೈಲಿ ಆಡಿದ್ರೆ ಗುಂಡಿ ಜಾರುತ್ತೆ."

"ನಾನು ಒದ್ದೆ ಬಟ್ಟೆ ಇಟ್ಕೊಂಡು ಕೂರ್ತೀನಿ ತಾಯಿ. ಒಬ್ಬೊಬ್ಬರ ಕೈನೂ ಒರೆಸಿ ಕಳಿಸ್ತೀನಿ. ಆಂಬೊಡೆ ಮಾತ್ರ ಆಗ್ಲೇಬೇಕು."

ಕೊನೆಗೆ ಚಮಚದಲ್ಲಿ ತಿನ್ನುವ ಬಿಸಿಬೇಳೆ ಬಾತು, ಮೊಸರನ್ನ, ಶ್ಯಾವಿಗೆ ಪಾಯಸ, ಜೊತೆಗೆ ಅತ್ತೆಯ ಮರ್ಯಾದೆಗೆ ಆಂಬೊಡೆ ಎಂದು ತೀರ್ಮಾನವಾಯಿತು.

ಎರಡನೆಯ ತಕರಾರು ನನ್ನದು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ನಾನು ಕಂಡುಕೊಂಡು ಬಂದ ಪದ್ಧತಿ. ಅವರು ಮೊದಲು ಕೂರುತ್ತಾರೆ, ನಾವು ಬಡಿಸುತ್ತೇವೆ. ಅವರು ಎದ್ದ ಮೇಲೆ ನಾವು ಉಣ್ಣುತ್ತೇವೆ. ಹಾಗಿರುವಾಗ ಮನೆಗೆ ಕರೆದು, ಕೂರಿಸಿ, ಸೋಲಿಸಿ ಕಳಿಸುವುದು ಹೇಗೆ? ಹಿಂದಿನ ದಿನ ಹುಣಸೆಹಣ್ಣು ನೆನೆಸುವಾಗ ನಮ್ಮವರಿಗೆ ಮೆಲ್ಲಗೆ ಹೇಳಿದೆ. "ರೀ, ನಾಳೆ ಅವರೇ ಗೆಲ್ಲೋ ಹಾಗೆ ನೋಡ್ಕೊಳ್ಳಿ."

"ನನ್ನ ಚಿಂತೆ ಬಿಡು" ಎಂದರು. "ನಾನು ಮನಸ್ಸಿಟ್ಟು ಆಡಿದ್ರೂ ಸೋಲ್ತೀನಿ."

ಅದು ನಿಜ. ಮಗಳು ನಮ್ಮಿಬ್ಬರಿಗೂ ಒಂದು ವಾರ ಸಂಜೆ ಹೊತ್ತು ಕಾರಿನ ಆಟ ಕಲಿಸಿದ್ದಳು. ಅವರ ಕಾರು ಗೋಡೆಗೆ ಮೂತಿಯಿಟ್ಟರೆ ಅಲ್ಲೇ ನಿಂತು ಹೊಗೆ ಬಿಡುತ್ತಿತ್ತು. ನನಗೇ ಆಶ್ಚರ್ಯವಾಗುವಂತೆ ನನ್ನದು ಮಾತ್ರ ಚೆನ್ನಾಗಿ ಓಡುತ್ತಿತ್ತು. ಸೈಕಲ್ಲನ್ನೂ ತುಳಿಯದವಳು ನಾನು. ತಿರುವಿನಲ್ಲಿ ಕಾರು ಓರೆಯಾಗಿ ಜಾರುವಾಗ ಹೊಟ್ಟೆಯಲ್ಲಿ ಗುಳುಗುಳು ಎನ್ನುವುದು, ಹೇಳಬಾರದು, ನನಗೆ ಬಹಳ ಹಿಡಿಸಿತ್ತು.

ಮಗಳಿಗೂ ಹೇಳಿದೆ. "ನೀನೂ ಒಂದೇ ಒಂದು ಆಟ ಸೋತ್ಬಿಡಮ್ಮ. ಹುಡುಗನ ತಾಯಿ ಎದುರಿಗೆ ಮಾತ್ರ."

ಅವಳು ಟೀವಿಗೆ ಜೋಡಿಸುವ ಆಟದ ಡಬ್ಬದ ವೈರುಗಳನ್ನು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅವತ್ತು ಸೋತ್ರೆ ಆ ಮನೇಲಿ ದಿನಾ ಸೋಲ್ತಾನೇ ಇರ್ಬೇಕಾಗುತ್ತೆ ಅಮ್ಮ" ಎಂದಳು. ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ವೈರು ಬಿಡಿಸಿಟ್ಟು ಎದ್ದು ಹೋಗುವಾಗ ಒಂದು ರಿಮೋಟು ತೋರಿಸಿ, "ಇದನ್ನ ಅವರಿಗೆ ಕೊಡ್ಬೇಡ, ಗುಂಡಿ ಹಿಡ್ಕೊಳ್ಳುತ್ತೆ. ನಿನ್ನ ಪೂಜೆದು" ಎಂದು ಹೇಳಿದಳು.

ಅದರ ಕಥೆ ಇಷ್ಟೇ. ಆಯುಧಪೂಜೆಯ ದಿನ ಈಳಿಗೆಮಣೆ, ಮಿಕ್ಸಿ, ನಮ್ಮವರ ಸ್ಕೂಟರು, ಅವರ ಅಳತೆಯ ಸಾಮಾನುಗಳ ಜೊತೆ ಮಗಳ ಲ್ಯಾಪ್‌ಟಾಪು ಮತ್ತು ಈ ನಾಲ್ಕು ರಿಮೋಟುಗಳನ್ನೂ ಮಣೆಯ ಮೇಲೆ ಜೋಡಿಸಿದ್ದೆ. ಎಲ್ಲಕ್ಕೂ ಹೂವು ಏರಿಸಿ, ಅರಿಸಿನ ಕುಂಕುಮ ಇಟ್ಟೆ. ಒಂದಕ್ಕೆ ಕೈ ಸ್ವಲ್ಪ ಜೋರಾಗಿ, ನೀರಲ್ಲಿ ಕಲಸಿದ ಕುಂಕುಮ ಗುಂಡಿಯ ಸಂದಿಗೆ ಇಳಿದಿತ್ತು. ಇಯರ್‌ಬಡ್ಡು, ಬ್ರಷ್ಷು ಎಲ್ಲ ಹಾಕಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. "ಅಮ್ಮ, ಇದಕ್ಕೆ ದೂರದಿಂದ ಮಂಗಳಾರತಿ ತೋರ್ಸಿದ್ರೆ ಸಾಕಾಗಿತ್ತು" ಎಂದು ಆ ದಿನ ಗೊಣಗಿದ್ದಳು.

ಭಾನುವಾರ ಬೆಳಗ್ಗೆ ದೇವರಿಗೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ. ಒಂದು ಕರೆಂಟಿಗೆ, ಒಂದು ಮಗಳಿಗೆ. ಅವರು ಬೊಮ್ಮಸಂದ್ರದಲ್ಲಿ ಮೆಟ್ರೊ ಹತ್ತಿ, ನಡುವೆ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬೆವರದೆ ಬಂದು ಇಳಿದರು. ಮೊದಲ ಸಲ ಬಸ್ಸಿನಲ್ಲಿ ಬಂದಾಗ ಆ ತಾಯಿಯ ಮಂಡಿ ಊದಿಕೊಂಡಿತ್ತು. ಈ ಸಲ ಮೆಟ್ಟಿಲು ಹತ್ತಿ ನಗುತ್ತ ಒಳಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ.

ಒಳಗೆ ಬಂದರೇನು, ಎಲ್ಲರೂ ಬಿಗಿಯಾಗಿ ಕೂತರು. ನಿಶ್ಚಿತಾರ್ಥ ಆಗುವ ತನಕ ಬೀಗರೇ ಎನ್ನುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ಹಾಗೂ ಇಲ್ಲ. ನಮ್ಮವರು "ಸಾರ್, ಬನ್ನಿ ಸಾರ್" ಎಂದರೆ ಅವರು "ನೀವ್ ಕೂತ್ಕಳಿ ಸಾರ್" ಎನ್ನುವರು. ಹುಡುಗ ತನ್ನ ಮಂಡಿಯನ್ನೇ ನೋಡುತ್ತ ಕೂತಿದ್ದ. ಮಗಳು ಟೀವಿ ಹಾಕಿದಳು. ಮೊದಲು ಅವಳೂ ಹುಡುಗನೂ ಸೇರಿ ಚೆಂಡು ಉರುಳಿಸಿ ಕಂಬ ಬೀಳಿಸುವ ಒಂದು ಆಟ ಆಡಿ ತೋರಿಸಿದರು. ಗಂಡಸರು ಮುಂದಕ್ಕೆ ಜರುಗಿ ಕೂತರು. ಆಂಬೊಡೆ ತಟ್ಟೆ ಒಂದು ಸುತ್ತು ಬಂತು, ಅದರ ಹಿಂದೆಯೇ ಅತ್ತೆಯ ಒದ್ದೆ ಬಟ್ಟೆಯೂ ಬಂತು. ಹುಡುಗನ ತಂದೆ ಸಣ್ಣ ಹುಡುಗನಂತೆ ಎರಡೂ ಕೈ ಚಾಚಿದಾಗ ಮೊದಲ ನಗು ಎದ್ದಿತು.

"ಈಗ ದೊಡ್ಡೋರು ಕಾರ್ ಆಟ ಆಡ್ಬೇಕು" ಎಂದಳು ಮಗಳು. "ನಾಲ್ಕು ಜನ ಒಟ್ಟಿಗೆ."

"ನಂಗೆಲ್ಲ ಬರಾಕಿಲ್ಲ ಕಣವ್ವ" ಎಂದು ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು.

"ನಮ್ಮ ಸೊಸೆಗೇ ಬರುತ್ತೆ, ನಿಮಗೇನು?" ಎಂದರು ಅತ್ತೆ. ಹೊಗಳಿದ್ದೋ ತೆಗಳಿದ್ದೋ ಇವತ್ತಿಗೂ ಗೊತ್ತಾಗಿಲ್ಲ.

ಟೀವಿ ನಾಲ್ಕು ಭಾಗವಾಯಿತು. ನಮ್ಮವರದು ಹಸಿರು ಕಾರು, ಹುಡುಗನ ತಂದೆಯದು ನೀಲಿ, ನನ್ನದು ಹಳದಿ, ಆ ತಾಯಿಯದು ಬಿಳಿ. ಇವಲ್ಲದೆ ಯಂತ್ರವೇ ಓಡಿಸುವ ಬೇರೆ ಕಾರುಗಳೂ ಇದ್ದವು. ಗಡಿಬಿಡಿಯಲ್ಲಿ ಯಾವ ರಿಮೋಟು ಯಾರ ಕೈಗೆ ಹೋಯಿತೆಂದು ನಾನು ನೋಡಲಿಲ್ಲ.

ಹುಡುಗನ ತಂದೆ ಕಾರು ಬಿಟ್ಟ ರೀತಿಯನ್ನು ಈಗ ನೆನೆದರೂ ನಗು ಬರುತ್ತದೆ. ಎಲ್ಲ ಕಾರುಗಳೂ ಬುರ್ರೆಂದು ಹೋದವು. ಅವರದು ಮಾತ್ರ ರಸ್ತೆಯ ಎಡಗಡೆ ಹಿಡಿದು ಮೆಲ್ಲಗೆ ಹೊರಟಿತು.

"ಅಪ್ಪ, ಜೋರಾಗಿ ಹೋಗಿ!" ಎಂದ ಹುಡುಗ.

"ಸುಮ್ನಿರೋ. ಹಿಂದೆ ಜನ ಕೂತವ್ರೆ ಅಂದ್ಕೊಂಡು ಓಡ್ಸಿದವನು ನಾನು. ಹಾರನ್ ಎಲ್ಲೈತೆ ಇದ್ರಲ್ಲಿ?"

ಆ ತಾಯಿ ರಿಮೋಟಿನ ಗುಂಡಿ ಒತ್ತುವುದಕ್ಕಿಂತ ಹೆಚ್ಚಾಗಿ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ತಿರುವು ಬಂದಾಗ ಕಾಲು ಸಡಿಲ, ನೇರ ರಸ್ತೆಯಲ್ಲಿ ಬಿಗಿ. ಹೊಲಿಗೆ ಮಿಷನ್ನಿನ ಪೆಡಲ್ಲು ತುಳಿದ ಕಾಲು. "ಅಮ್ಮಾ, ಕಾಲಲ್ಲಿ ಏನೂ ಇಲ್ಲ" ಎಂದು ಹುಡುಗ ಹೇಳಿದರೆ, "ಕಾಲು ಒತ್ತದೆ ಕೈ ಓಡಾಕಿಲ್ಲ ನಂಗೆ" ಎಂದು ಗದರಿದರು. ಹಾಗೆ ಒತ್ತಿಕೊಂಡೇ ನನ್ನ ಹಿಂದೆ ಹಿಂದೆಯೇ ಬಂದರು. ನಮ್ಮವರು ಹೇಳಿದ ಮಾತಿನಂತೆ ಮೊದಲ ತಿರುವಿನ ಗೋಡೆಗೆ ಮೂತಿಯಿಟ್ಟು ಹೊಗೆ ಬಿಡುತ್ತಿದ್ದರು.

ಕೊನೆಯ ಸುತ್ತು. ದೂರದಲ್ಲಿ ಕಪ್ಪು ಬಿಳಿ ಚೌಕದ ಗೆರೆ ಕಾಣಿಸಿತು. ನಾನೇ ಎಲ್ಲರಿಗಿಂತ ಮುಂದೆ. ಆ ತಾಯಿ ನನ್ನ ಹಿಂದೆ. ಅಯ್ಯೋ ದೇವರೇ, ದಾಟಿಬಿಡುತ್ತೇನೆ ಎಂದು ಗಾಬರಿಯಾಗಿ ಗೆರೆಯ ಮುಂದೆ ಕಾರು ನಿಲ್ಲಿಸಿಬಿಟ್ಟೆ. ಅವರು ಮುಂದೆ ಹೋಗಲಿ ಎಂದು ಕಾದೆ. ಬಿಳಿ ಕಾರು ಬಂತು, ನನ್ನ ಪಕ್ಕಕ್ಕೆ ಬಂದು ಅದೂ ನಿಂತಿತು.

"ಓಗಿ ಮೇಡಂ" ಎಂದರು.

"ಇಲ್ಲ ಇಲ್ಲ, ನೀವು ಹೋಗಿ."

"ನಿಮ್ಮನೆಗೆ ಬಂದು ನಿಮ್ಗಿಂತ ಮುಂದೆ ಓಗೋದಾ? ಚೆಂದಾಗಿರ್ತದಾ? ನೀವೇ ಓಗಿ."

"ಮನೆಗೆ ಬಂದೋರನ್ನ ಹಿಂದೆ ಬಿಟ್ಟು ನಾನು ಹೋದ್ರೆ ದೇವರು ಮೆಚ್ತಾನಾ? ನೀವು ಮೊದಲು."

ಅಷ್ಟರಲ್ಲಿ ಒಂದು ಸುತ್ತು ಹಿಂದೆ ಬಿದ್ದಿದ್ದ ನೀಲಿ ಕಾರು ಎಡಗಡೆಯಿಂದ ಸಾವಧಾನವಾಗಿ ಬಂದು, ನಮ್ಮಿಬ್ಬರ ಹಿಂದೆ ಅಚ್ಚುಕಟ್ಟಾಗಿ ಅಂತರ ಬಿಟ್ಟು ನಿಂತಿತು. "ಲೇಡೀಸ್ ಮೊದ್ಲು ಇಳಿಲಿ" ಎಂದರು ಹುಡುಗನ ತಂದೆ, ಬಸ್ಸು ನಿಲ್ಲಿಸಿದವರ ಹಾಗೆ.

ನಾವು ಮೂವರೂ ಹಾಗೆ ಉಪಚಾರ ಮಾಡಿಕೊಳ್ಳುತ್ತಿರುವಾಗ ಹಿಂದಿನಿಂದ ಯಂತ್ರದ ಕಾರುಗಳು ಒಂದೊಂದಾಗಿ ನಮ್ಮ ಪಕ್ಕದಲ್ಲೇ ಸುಯ್ಯೆಂದು ಗೆರೆ ದಾಟಿ ಹೋದವು.

ಅತ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದರು. "ಅಯ್ಯೋ ನಿಮ್ಮ! ಯಾರೂ ಇಲ್ದಿರೋ ಕಾರೆಲ್ಲ ಹೋಗ್ಬಿಟ್ವು, ಜನ ಇರೋ ಕಾರು ನಿಂತವಲ್ರೋ!"

ಮೊದಲು ನಕ್ಕವರು ನಮ್ಮವರು. ಆಮೇಲೆ ಹುಡುಗ. ಆಮೇಲೆ ಆ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. "ಮೆಟ್ರೊದಾಗೇ ಏಳ್ಕೊಂಡು ಬಂದಿದ್ದೆ ಇವ್ರಿಬ್ರಿಗೂ, ಅವ್ರ ಮನೇಲಿ ಅವ್ರನ್ನ ಸೋಲಿಸ್ಬ್ಯಾಡಿ ಅಂತ" ಎಂದರು. ನಾನೂ ಹುಣಸೆಹಣ್ಣು ನೆನೆಸುವಾಗ ಹೇಳಿದ್ದನ್ನು ಹೇಳಿಬಿಟ್ಟೆ. ಎರಡೂ ಮನೆಯವರು ಸೋಲಲೆಂದೇ ಸಿದ್ಧವಾಗಿ ಬಂದು ಕೂತಿದ್ದೆವು.

ಎಲ್ಲರೂ ನಗುವಾಗ ಮಗಳು ಒಬ್ಬಳೇ ಅರ್ಧ ನಕ್ಕು ನಿಲ್ಲಿಸಿದಳು. ಟೀವಿಯ ಹತ್ತಿರ ನೆಲದ ಮೇಲೆ ಕೂತಿದ್ದವಳು ಮೆಲ್ಲಗೆ ಹೇಳಿದಳು, "ಹೀಗೆ ಆಡಿದ್ರೆ ಆಟ ಹೆಂಗಿದೆ ಅಂತ ಯಾರಿಗೂ ಗೊತ್ತಾಗಲ್ಲ."

ಆ ಮಾತು ನನಗೆ ಹೇಳಿದ್ದು. ನನ್ನ ನಗು ನಿಂತಿತು.

ಹುಡುಗನ ತಾಯಿ ರಿಮೋಟನ್ನು ಅವಳಿಗೆ ಕೊಡಲು ಕೈ ಚಾಚಿದವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಇದೇನವ್ವ, ಬಣ್ಣ ಬಿಡ್ತೈತೆ?" ಬೆವತ ಬೆರಳಿಗೆ ಕೆಂಪು ಹತ್ತಿತ್ತು. ಕೊಡಬೇಡ ಎಂದಿದ್ದ ರಿಮೋಟೇ ಅವರ ಕೈಗೆ ಹೋಗಿತ್ತು. ಮಗಳು ನನ್ನ ಮುಖ ನೋಡಿದಳು.

"ಅಯ್ಯೋ, ಅದು ಆಯುಧಪೂಜೆ ಕುಂಕುಮ. ನಾನೇ ಜಾಸ್ತಿ ಇಟ್ಬಿಟ್ಟೆ, ಸಂದಿಗೆ ಹೋಗ್ಬಿಡ್ತು" ಎಂದೆ.

"ಇದ್ಕೂ ಪೂಜೆ ಮಾಡಿದ್ರಾ?"

"ಮಾಡ್ದೆ ಇರೋಕಾಗುತ್ತಾ? ಅವಳಿಗೆ ಅನ್ನ ಕೊಡೋ ಸಾಮಾನಲ್ವಾ ಅದು."

ಯೋಚನೆ ಮಾಡಿ ಹೇಳಿದ್ದಲ್ಲ. ಇದ್ದದ್ದು ಬಾಯಿಗೆ ಬಂತು. ಮೊದಲ ಸಲ ಕಾಫಿ ಬಗ್ಗಿಸುವಾಗ ಸಿಗದೆ ಹೋದ ಮಾತು ಆಗ ಸಿಕ್ಕಿತು. ದೇವರೇ ಕೊಟ್ಟದ್ದು ಎಂದು ನಾನು ನಂಬಿದ್ದೇನೆ, ಏಕೆಂದರೆ ನಾನಾಗಿ ಮಾಡಿದ್ದು ಕುಂಕುಮ ಜಾಸ್ತಿ ಹಾಕಿದ್ದಷ್ಟೇ.

ಆ ತಾಯಿ ಕೆಂಪಾದ ಹೆಬ್ಬೆರಳನ್ನು ಒರೆಸಿಕೊಳ್ಳಲು ಅತ್ತೆ ಒದ್ದೆ ಬಟ್ಟೆ ಹಿಡಿದುಕೊಂಡು ಬಂದರೆ ಬೇಡವೆಂದು, ಬೆರಳನ್ನು ಕಣ್ಣಿಗೊತ್ತಿಕೊಂಡರು. "ನನ್ ಮಿಷನ್ನಿಗೂ ಅಂಗೇ" ಎಂದರು. "ಫ್ಯಾಕ್ಟ್ರಿ ಬಿಟ್ಟು ಮನೇಲಿ ಕುಂತ್ರೂ ಅವತ್ತು ಮೊದ್ಲ ಹೂವ ಅದ್ಕೇ. ಆಮೇಲೆ ಇವ್ರ ಗಾಡಿಗೆ." ಆಮೇಲೆ ಮಗಳ ಕಡೆ ತಿರುಗಿ, "ಬಾ ಇಲ್ಲಿ. ನೀನು ಕೆಲ್ಸದಲ್ಲಿ ಏನ್ ಮಾಡ್ತೀಯ, ಅದನ್ನ ಮಾಡಿ ತೋರ್ಸು. ಗೆಲ್ಲೋದ್ ಬ್ಯಾಡ, ಸೋಲೋದೂ ಬ್ಯಾಡ" ಎಂದರು.

ಮಗಳು ಮತ್ತೆ ನನ್ನನ್ನು ನೋಡಿದಳು. ಇಷ್ಟು ದೊಡ್ಡವಳಾದ ಮೇಲೂ ಅಪ್ಪಣೆ ಕೇಳುವ ಕಣ್ಣು. "ತೋರ್ಸು" ಎಂದೆ. "ನಿಂಗೆ ಹೇಗೆ ಬರುತ್ತೋ ಹಾಗೇ."

ಅವಳು ಆ ತಾಯಿಯ ಕಾಲ ಬಳಿಯೇ ಕೂತು ಕಾರನ್ನು ಹೊರಡಿಸಿದಳು. ಗೆರೆಯ ಕಡೆ ಹೋಗಲೇ ಇಲ್ಲ. ಒಂದು ಗೋಡೆಯ ಹತ್ತಿರ ಹೋಗಿ ಗುದ್ದಿದಳು. ಹಿಂದೆ ಬಂದು ಮತ್ತೆ ಗುದ್ದಿದಳು. ಓರೆಯಾಗಿ ಗುದ್ದಿದಳು, ಮೆಲ್ಲಗೆ ಗುದ್ದಿದಳು, ಹಿಮ್ಮುಖವಾಗಿ ಗುದ್ದಿದಳು. ನಮ್ಮವರಿಗೆ ಸಮಾಧಾನವಾಗಿರಬೇಕು, ಮನೆಯಲ್ಲಿ ತಮ್ಮ ಹಾಗೆ ಇನ್ನೊಬ್ಬರು ಇದ್ದಾರೆಂದು.

"ಇದ್ಯಾಕೆ ಇಂಗೆ?"

"ಹೊಸಾ ಗೇಮಲ್ಲಿ ಕೆಲವು ಸಲ ಕಾರು ಗೋಡೆ ಒಳಗೆ ತೂರ್ಕೊಂಡು ಹೋಗ್ಬಿಡುತ್ತೆ ಆಂಟಿ. ಇಲ್ಲಾಂದ್ರೆ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಒಂದೊಂದು ಗೋಡೆಗೂ ಹೀಗೆ ಗುದ್ದಿ ನೋಡ್ಬೇಕು. ದಿನವೆಲ್ಲ ಒಂದೇ ರಸ್ತೆ. ಎಲ್ಲಿ ಕೆಟ್ಟಿದೆ, ಏನು ಮಾಡಿದ್ರೆ ಕೆಡುತ್ತೆ ಅಂತ ಬರೆದು ವಾಪಸ್ ಕಳಿಸ್ಬೇಕು. ಅವರು ಸರಿ ಮಾಡಿ ಕಳಿಸಿದ್ಮೇಲೆ ಮತ್ತೆ ಅದೇ ಗೋಡೆಗೆ ಗುದ್ಬೇಕು."

ಆ ತಾಯಿ ನೆಟ್ಟಗೆ ಕೂತರು. "ಚೆಕಿಂಗಾ!" ಎಂದರು, ಕಳೆದುಹೋದವರು ಸಂತೆಯಲ್ಲಿ ಸಿಕ್ಕ ಹಾಗೆ. "ನೀನು ಚೆಕ್ಕರಾ? ಅಂಗನ್ನಬಾರ್ದಾ ಮೊದ್ಲೇ! ನಮ್ಮಲ್ಲಿ ಹೊಲಿದ ಪೀಸೆಲ್ಲ ಚೆಕಿಂಗ್ ಟೇಬಲ್ಲಿಗೆ ಓಗ್ಬೇಕು. ಹೊಲಿಗೆ ಬಿಟ್ಟಿದ್ರೆ ಸ್ಟಿಕ್ಕರ್ ಹಚ್ಚಿ ವಾಪಸ್ ಎಸಿಯೋರು. ಎಷ್ಟ್ ಬೈಕೊಂಡಿದೀನೋ ಆ ಚೆಕ್ಕರ್ ಉಡುಗೀರ್ನ. ಕಣ್ಣು ಹಿಂಗಿಂಗೆ ಉರಿಯೋದು ಪಾಪ ಅವ್ಕೆ ಸಾಯಂಕಾಲಕ್ಕೆ. ನಿಂಗೂ ಉರೀತದಾ?"

"ಉರಿಯುತ್ತೆ" ಎಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು. ಅವಳ ಕಣ್ಣು ಉರಿಯುತ್ತದೆಂದು ಅವತ್ತಿನ ತನಕ ನನಗೂ ಗೊತ್ತಿರಲಿಲ್ಲ.

"ಸೌತೆಕಾಯಿ ಇಟ್ಕೋಬೇಕು ಕಣೇ" ಎಂದರು ಆ ತಾಯಿ.

ಹುಡುಗನ ತಂದೆ ನಮ್ಮವರ ಕಡೆ ವಾಲಿ ಹೇಳಿದರು, "ನೋಡಿ ಸಾರ್, ಮಗ ಅಲ್ಲಿ ಫ್ಯಾಕ್ಟ್ರಿಲಿ ತಪ್ಪು ಹುಡುಕ್ತಾನೆ, ಬರೋ ಸೊಸೆ ಇಲ್ಲಿ ತಪ್ಪು ಹುಡುಕ್ತಾಳೆ, ಇವಳಂತೂ ಮನೇಲಿ ನನ್ನ ತಪ್ಪು ಬಿಟ್ರೆ ಬೇರೆ ಹುಡುಕಿಲ್ಲ. ನನ್ನ ಗತಿ ಏನು ಇನ್ನು?"

ಬರೋ ಸೊಸೆ ಎಂದರು. ಅದು ನನ್ನ ಕಿವಿಗೆ ಬಿತ್ತು. ಆದರೂ ಗಂಡಸರ ಮಾತು, ನಗೆಯಲ್ಲಿ ಬಂದದ್ದು, ಅದನ್ನೇ ಹಿಡಿದುಕೊಳ್ಳಬಾರದು ಎಂದು ಮನಸ್ಸನ್ನು ಕಟ್ಟಿಹಾಕಿದೆ.

"ಈಗ ನನ್ ಜೊತೆ ಆಡು" ಎಂದರು ಆ ತಾಯಿ ಮಗಳಿಗೆ. "ಸರ್ಯಾಗಿ ಆಡ್ಬೇಕು. ನಿಮ್ಮಮ್ಮನ ಹಂಗೆ ನಿಂತ್ಕಂಡೀಯಾ, ನೋಡು."

ಮಗಳು ನಿಲ್ಲಲಿಲ್ಲ. ಅವಳು ಹಾಗೆ ಆಡುವುದನ್ನು ನಾನೂ ಅಂದೇ ಮೊದಲು ನೋಡಿದ್ದು. ನಮಗೆ ಕಲಿಸುವಾಗ ಮೆಲ್ಲಗೆ ಆಡುತ್ತಿದ್ದಳು. ಆ ಕಾರು ತಿರುವುಗಳಲ್ಲಿ ನೀರು ಹರಿದಂತೆ ಹರಿಯಿತು. ಬಿಳಿ ಕಾರು ಒಂದು ಸುತ್ತು ಮುಗಿಸುವಷ್ಟರಲ್ಲಿ ಇವಳದು ಎಲ್ಲ ಸುತ್ತೂ ಮುಗಿದು ಗೆರೆ ದಾಟಿತ್ತು. ನಾನು ಆ ತಾಯಿಯ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನನ್ನು ನೋಡುವಷ್ಟು ಪುರುಸೊತ್ತಿನಲ್ಲಿರಲಿಲ್ಲ. ಆಟ ಮುಗಿಯಿತು, ಸಾಕು ಎಂದು ಹುಡುಗ ಹೇಳಿದರೆ, "ಸುಮ್ನಿರು, ಹಾಕಿದ್ ಹೊಲಿಗೆ ಅರ್ಧಕ್ಕೆ ಬಿಡಾಕಿಲ್ಲ ನಾನು" ಎಂದು ನೆಲ ಒತ್ತಿಕೊಂಡು ಕೊನೆಯವರೆಗೂ ಓಡಿಸಿದರು. ಅವರು ಗೆರೆ ದಾಟುವ ತನಕ ನಾವೆಲ್ಲ ಕಾದೆವು. ದಾಟಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಮಗಳು.

ಆಮೇಲೆ ಊಟ. ಅಂದು ಯಾರು ಮೊದಲು, ಯಾರು ಆಮೇಲೆ ಎಂಬುದು ಹೇಗೋ ತಪ್ಪಿಹೋಯಿತು. ಬಿಸಿಬೇಳೆ ಬಾತಿನ ತಟ್ಟೆ ಹಿಡಿದುಕೊಂಡು ಎಲ್ಲರೂ ಟೀವಿಯ ಮುಂದೆಯೇ ನೆಲದಲ್ಲಿ ಕೂತುಬಿಟ್ಟರು. ಬಡಿಸುತ್ತಿದ್ದ ನನ್ನ ಕೈಯಿಂದ ಸೌಟು ಕಿತ್ತುಕೊಂಡು ಆ ತಾಯಿ, "ನೀವೂ ಕೂತ್ಕಳಿ, ಆರೋಗ್ತದೆ" ಎಂದರು. ಪಾಯಸಕ್ಕೆ ಸಕ್ಕರೆ ಸ್ವಲ್ಪ ಮುಂದಾಗಿತ್ತು. ಯಾರೂ ಹೇಳಲಿಲ್ಲ. ತಪ್ಪು ಹುಡುಕುವವರೇ ತುಂಬಿದ್ದರೂ ಹೇಳಲಿಲ್ಲ.

ಹೊರಡುವ ಹೊತ್ತು ಬಂತು. ನಾನು ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ ಇಟ್ಟುಕೊಂಡು ಆ ತಾಯಿಯ ಹಣೆಗೆ ಕುಂಕುಮ ಇಡಲು ಹೋದೆ. ನಕ್ಕಿದ್ದಾರೆ, ಆಡಿದ್ದಾರೆ, ಉಂಡಿದ್ದಾರೆ, ಆದರೆ ಮಗಳ ಕೆಲಸದ ಬಗ್ಗೆ ಬರಬೇಕಾಗಿದ್ದ ಒಂದು ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅವಳೂ ಅದನ್ನೇ ಕಾಯುತ್ತಿದ್ದಳೆಂದು ನನಗೆ ಗೊತ್ತು.

ಹಣೆ ಮುಂದೆ ಚಾಚಿಕೊಂಡೇ ಆ ತಾಯಿ ಅವಳ ಕಡೆ ನೋಡಿ ಕೇಳಿದರು. "ಅಲ್ಲಾ ಕಣವ್ವ, ನಮ್ಮ ಚಂದಾಪುರದಿಂದ ನಿನ್ ಬ್ರೂಕ್‌ಫೀಲ್ಡಿಗೆ ದಿನಾ ಎಂಗೆ ಓಗಿಬರ್ತೀಯ? ನೇರ ಬಸ್ಸೈತಾ?"

ಮಗಳು ತಲೆ ತಗ್ಗಿಸಿ ಚೌಕಟ್ಟಿನ ಬಣ್ಣ ಕೆರೆಯತೊಡಗಿದಳು. ನಾನು ಇಟ್ಟ ಕುಂಕುಮ ಆ ತಾಯಿಯ ಮೂಗಿನ ಮೇಲೂ ಸ್ವಲ್ಪ ಉದುರಿತು.

ಉತ್ತರ ಹೇಳಿದವರು ಅವರ ಯಜಮಾನರು. ಬಸ್ಸು ಓಡಿಸಿದವರಿಗೆ ಅಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾರೆಯೇ? "ದೊಮ್ಮಸಂದ್ರದ ಮೇಲೆ ವರ್ತೂರು ಹಿಡಿದ್ರೆ ಆಯ್ತು. ಆದ್ರೆ ಬೆಳಗ್ಗೆ ವರ್ತೂರು ಕೋಡಿ ಹತ್ರ ಜಾಮು. ಸ್ವಲ್ಪ ಮುಂಚೆ ಹೊರಡ್ಬೇಕು."

"ಸಿಲ್ಕ್‌ಬೋರ್ಡ್ ಕಡೆಯಿಂದ ಆಗಲ್ವಾ?" ಎಂದರು ನಮ್ಮವರು ಚಪ್ಪಲಿ ಮೆಟ್ಟಿಕೊಳ್ಳುತ್ತ.

"ಅದು ಸುತ್ತು ಬೀಗ್ರೇ! ಅಲ್ಲಿ ಸಿಕ್ಕಾಕ್ಕೊಂಡ್ರೆ ಮಗು ಮಧ್ಯಾಹ್ನಕ್ಕೆ ಆಫೀಸು ಸೇರ್ತದೆ."

ಇಬ್ಬರೂ ಅದನ್ನೇ ವಾದಿಸಿಕೊಂಡು ಮೆಟ್ಟಿಲಿಳಿದು, ಬೀದಿಯುದ್ದಕ್ಕೂ ಕೈ ಆಡಿಸಿಕೊಂಡು ಮೆಟ್ರೊ ಸ್ಟೇಷನ್ನಿನ ಕಡೆ ಹೋದರು. ಅವರ ಹಿಂದೆ ಹುಡುಗ, ಆಂಬೊಡೆಯ ಡಬ್ಬಿ ಹಿಡಿದುಕೊಂಡು. ಆ ತಾಯಿ ಕೊನೆಯ ಮೆಟ್ಟಿಲಲ್ಲಿ ನಿಂತು ತಿರುಗಿ, ಮುಂದಿನ ಸಲ ನಮ್ಮ ಮನೆಯಲ್ಲಿ, ಆಟದ ಡಬ್ಬ ತರಲು ಮರೆಯಬಾರದು ಎಂದು ಮಗಳಿಗೆ ಬೆರಳು ತೋರಿಸಿ ಹೇಳಿ ಹೋದರು.

ಒಳಗೆ ಬಂದೆ. ಅತ್ತೆ ಒದ್ದೆ ಬಟ್ಟೆ ಹಿಡಿದು ರಿಮೋಟುಗಳನ್ನು ಒಂದೊಂದಾಗಿ ಒರೆಸಿಡುತ್ತಿದ್ದರು. ಮಗಳು ಅವರ ಕೈಯಿಂದ ಒಂದನ್ನು ಮಾತ್ರ ಈಚೆಗೆ ತೆಗೆದುಕೊಂಡಳು. "ಇದು ಹಾಗೇ ಇರ್ಲಿ ಅಜ್ಜಿ."

"ಗುಂಡಿ ಹಿಡ್ಕೊಳ್ಳುತ್ತೆ ಅಂದಿದ್ಯಲ್ಲೇ?" ಎಂದೆ.

"ಹಿಡ್ಕೊಳ್ಳುತ್ತೆ" ಎಂದಳು. "ಪರವಾಗಿಲ್ಲ."

ದೀಪ ಹಚ್ಚುವ ಹೊತ್ತಾಗಿತ್ತು. ದೇವರ ಮುಂದೆ ಕೂತು ಏನು ಬೇಡುವುದೆಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ. ಬೇಡುವುದಕ್ಕೆ ಏನೂ ಇಲ್ಲದೆ ಸುಮ್ಮನೆ ಕೂತುಕೊಂಡ ಸಂಜೆ ನನ್ನ ಬಾಳಿನಲ್ಲಿ ಅಷ್ಟು ಹೆಚ್ಚಿಲ್ಲ. ಕೊನೆಗೆ, ವರ್ತೂರು ಕೋಡಿಯ ಹತ್ತಿರ ಜಾಮು ಸ್ವಲ್ಪ ಕಡಿಮೆ ಮಾಡಪ್ಪ ಎಂದು ಕೇಳಿಕೊಂಡು ಎದ್ದೆ.